ಕದ್ದ ದುಡ್ಡಿನ ಜಾಡು ಹಿಡಿಯೋ ಇಂಟರ್ನ್‌ಶಿಪ್: ಮೈಸೂರಿನಲ್ಲೇ ತಯಾರಾಗಿ

ಲೋಕಾಯುಕ್ತ ದಾಳಿ, ಆದಾಯ ಮೀರಿದ ಆಸ್ತಿ. ಈ ಸುದ್ದಿ ನಮಗೆ ಹೊಸದಲ್ಲ. ಆದರೆ ಅಂಥ ದುಡ್ಡು ದೇಶ ದಾಟಿ ಹೊರಗಿನ ಬ್ಯಾಂಕಿನಲ್ಲಿ ಕೂತರೆ ವಾಪಸ್ ತರೋದು ಹೇಗೆ? ಈ ಕೆಲಸದಲ್ಲಿ ತನಿಖಾಧಿಕಾರಿ, ಪ್ರಾಸಿಕ್ಯೂಟರ್, ಕೋರ್ಟುಗಳಿಗೆ ನೆರವಾಗುವ ಸಂಸ್ಥೆಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಇನ್‌ಸ್ಟಿಟ್ಯೂಟ್ ಆನ್ ಗವರ್ನೆನ್ಸ್ ಒಂದು. ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಇನ್ನೊಂದು. ಮೈಸೂರು, ಮಂಡ್ಯದ ಕಾನೂನು ಅಥವಾ ಕಾಮರ್ಸ್ ವಿದ್ಯಾರ್ಥಿ ಅಲ್ಲಿ ಇಂಟರ್ನ್ ಆಗಬೇಕೆಂದರೆ ತಯಾರಿಗೆ ದೆಹಲಿಗೆ ಓಡಬೇಕಿಲ್ಲ. ನಮ್ಮ ಜಿಲ್ಲಾ ಕೋರ್ಟೇ ಒಳ್ಳೆಯ ಪಾಠಶಾಲೆ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ಓದೋದು ಕಲಿಯಿರಿ. ಒಬ್ಬ ಸೀನಿಯರ್ ವಕೀಲರ ಆಫೀಸು ಸೇರಿ, ಚೆಕ್ ಬೌನ್ಸ್ ಫೈಲುಗಳನ್ನು ಕೇಳಿ. ಚೆಕ್ ಬೌನ್ಸಿಗೆ ಹಾಕುವ ಸೆಕ್ಷನ್ 138ರ ಕೇಸುಗಳಿಗೆ ಎಲ್ಲೂ ಬರವಿಲ್ಲ, ಅಲ್ವಾ? ಯಾವ ದಿನ ಎಷ್ಟು ಜಮಾ ಆಯ್ತು, ಮರುದಿನವೇ ಯಾರ ಖಾತೆಗೆ ಹೋಯ್ತು ಎಂದು ಸಾಲು ಸಾಲಾಗಿ ನೋಡಿ. ಸ್ಟೇಟ್‌ಮೆಂಟಿನ ಜೊತೆ, ಇದು ನಮ್ಮ ದಾಖಲೆಯ ನಿಜವಾದ ನಕಲು ಎಂದು ದೃಢೀಕರಿಸುವ ಬ್ಯಾಂಕಿನ ಸರ್ಟಿಫಿಕೇಟ್ ಇದೆಯೇ ಅನ್ನೋದನ್ನೂ ಗಮನಿಸಿ. ಅದಿಲ್ಲದಿದ್ದರೆ ಎದುರಿನ ವಕೀಲರು ಸುಮ್ನೆ ಬಿಡುವುದಿಲ್ಲ.

ಆಮೇಲೆ ಆದಾಯ-ಖರ್ಚಿನ ಲೆಕ್ಕ. ಈ ಕೆಲಸದ ಜೀವಾಳವೇ ಇದು, ನಿಧಾನವಾಗಿ ಕಲಿಯಿರಿ. ಒಬ್ಬ ಅಧಿಕಾರಿಗೆ 5 ವರ್ಷದಲ್ಲಿ ಕೈಗೆ ಬಂದ ಸಂಬಳ 40 ಲಕ್ಷ, ಗದ್ದೆಯಿಂದ 5 ಲಕ್ಷ, ಸಾಲ 10 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 55. ಅದೇ ಅವಧಿಯಲ್ಲಿ ವಿಜಯನಗರದಲ್ಲಿ 60 ಲಕ್ಷದ ಸೈಟು, 12 ಲಕ್ಷದ ಕಾರು, 15 ಲಕ್ಷ ಮನೆಖರ್ಚು. ಒಟ್ಟು 87. ಮಿಕ್ಕ 32 ಲಕ್ಷ ಎಲ್ಲಿಂದ ಬಂತು? ಇದೇ ಲೆಕ್ಕವನ್ನು ಬಾಸೆಲ್ ಸಂಸ್ಥೆ ತನ್ನ ಉಚಿತ ಆನ್‌ಲೈನ್ ಕೋರ್ಸಿನಲ್ಲಿ ಹೇಳಿಕೊಡುತ್ತದೆ. ಮಾಡಿ ಮುಗಿಸಿ, ಅರ್ಜಿಯಲ್ಲಿ ಬರೆಯಿರಿ.

ಮೂರನೆಯದು, ದೇಶದಿಂದ ದೇಶಕ್ಕೆ ಹೋಗುವ ಕಾನೂನು ನೆರವಿನ ಕೋರಿಕೆ. 'ಇವರ ಖಾತೆ ಇದ್ದರೆ ವಿವರ ಕೊಡಿ' ಎಂದಷ್ಟೇ ಬರೆದರೆ ಕೆಲಸ ಆಗುವುದಿಲ್ಲ. ಅಪರಾಧ ಏನು, ಆ ಖಾತೆಗೂ ಅಪರಾಧಕ್ಕೂ ನಂಟೇನು ಎಂದು ತೋರಿಸಬೇಕು. ಆ ಕೃತ್ಯ ಎರಡೂ ದೇಶದಲ್ಲಿ ಅಪರಾಧವೇ ಎಂಬ ಪ್ರಶ್ನೆಯೂ ಬರುತ್ತದೆ. ನೈಜೀರಿಯಾದ ಸಾನಿ ಅಬಾಚಾ ಪ್ರಕರಣವನ್ನು ಓದಿ. ಆ ಸರ್ವಾಧಿಕಾರಿ ತೀರಿಕೊಂಡದ್ದು 1998ರಲ್ಲಿ. ಅವರಿಗೆ ಸಂಬಂಧಿಸಿದ ಸುಮಾರು 32 ಕೋಟಿ ಡಾಲರ್ ಮರಳಿಸಲು ಸ್ವಿಟ್ಜರ್ಲೆಂಡ್ ಒಪ್ಪಂದ ಮಾಡಿಕೊಂಡದ್ದು 2017ರಲ್ಲಿ. ಈ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆ ನೋಡಿ. ಅಷ್ಟು ವರ್ಷ ಆ ದುಡ್ಡು ಜನರ ಆಸ್ಪತ್ರೆಗೂ ಇಲ್ಲ, ಶಾಲೆಗೂ ಇಲ್ಲ.

ಇನ್ನು ಅರ್ಜಿ. ವಿಶ್ವಸಂಸ್ಥೆಯಲ್ಲಿ ಪದವಿಯ ಕೊನೇ ವರ್ಷದವರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಓದು ಮುಗಿಸಿ ಒಂದು ವರ್ಷದೊಳಗಿನವರು ಹಾಕಬಹುದು. ಅದರ ಅಧಿಕೃತ ಉದ್ಯೋಗ ವೆಬ್‌ಸೈಟಿನಲ್ಲೇ ಹಾಕಬೇಕು. 'ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಆಸಕ್ತಿ' ಎಂಬ ಸಾಲನ್ನು ದಯವಿಟ್ಟು ಬಿಡಿ. 'ಮಂಡ್ಯದ ವಕೀಲರೊಬ್ಬರ ಬಳಿ ಚೆಕ್ ಪ್ರಕರಣಗಳ ಬ್ಯಾಂಕ್ ದಾಖಲೆಗಳನ್ನು ತಾರೀಖುವಾರು ಜೋಡಿಸಿದೆ' ಎಂದು ಬರೆಯಿರಿ. ಅದಕ್ಕೆ ತೂಕ ಜಾಸ್ತಿ. ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬೇಡ. ಗುಟ್ಟು ಕಾಪಾಡಲು ಬಾರದವರಿಗೆ ಈ ಕ್ಷೇತ್ರದಲ್ಲಿ ಜಾಗವಿಲ್ಲ.

ಕೊನೆಗೆ ಖರ್ಚಿನ ಮಾತು. ವಿಶ್ವಸಂಸ್ಥೆಯ ಈ ಕಚೇರಿಯ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ಟಿಕೆಟ್, ವೀಸಾ, ಊಟ, ಬಾಡಿಗೆ ಎಲ್ಲ ನಿಮ್ಮದೇ. ನಮ್ಮ ರೈತರ ಮನೆಯ ಮಕ್ಕಳಿಗೆ ಇದು ದೊಡ್ಡ ಅಡ್ಡಿ, ಅನ್ಯಾಯವೂ ಹೌದು. ಹಾಗಾಗಿ ಸ್ಟೈಪೆಂಡ್ ಕೊಡುವ ಸಂಸ್ಥೆಗಳನ್ನು ಮೊದಲು ಹುಡುಕಿ. ಮನೆಯಿಂದಲೇ ಮಾಡುವ ಅವಕಾಶ ಇದೆಯೇ ಎಂದೂ ಕೇಳಿ. ಪಾಸ್‌ಪೋರ್ಟ್ ಮೈಸೂರಿನಲ್ಲೇ ಆಗುತ್ತದೆ. ಅದರಲ್ಲಿನ ಹೆಸರು, ಇನಿಶಿಯಲ್ ಅಂಕಪಟ್ಟಿಗೆ ಹೊಂದುವಂತೆ ಈಗಲೇ ಸರಿಪಡಿಸಿಕೊಳ್ಳಿ. 'ಸೀಟು ಕೊಡಿಸ್ತೀವಿ' ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ವಿಶ್ವಸಂಸ್ಥೆ ಅರ್ಜಿಗಾಗಲಿ ಸಂದರ್ಶನಕ್ಕಾಗಲಿ ಒಂದು ರೂಪಾಯಿಯೂ ಕೇಳುವುದಿಲ್ಲ.