ಎದುರಿಗಲ್ಲ, ಪಕ್ಕದಲ್ಲಿ ಕುಳಿತು ಕೇಳಿದೆ

"ಗಂಡಸರು ಬಾಯಿ ಬಿಡುವುದಿಲ್ಲ, ಪ್ರಶ್ನಾವಳಿ ಹಂಚಿ ಅಂಕ ಕೂಡಿಸಿ" ಎಂದಿದ್ದರು ನನ್ನ ಮಾರ್ಗದರ್ಶಕರು. ಹಾಗೆಯೇ ಮಾಡಿದೆ. ಗಂಡಸುತನದ ರೂಢಿಗಳಿಗೆ ಒಬ್ಬರು ಎಷ್ಟು ಬದ್ಧರೆಂದು ಅಳೆಯುವ, ಮನೋವಿಜ್ಞಾನಿ ಮಹಾಲಿಕ್ ಮತ್ತು ಸಂಗಡಿಗರ 2003ರ ಮಾಪನದ 94 ಹೇಳಿಕೆಗಳನ್ನೂ ಎಂಬತ್ತು ಚಿಲ್ಲರೆ ಜನರಿಗೆ ಕೊಟ್ಟೆ. ಅರವತ್ತನೆಯ ಹೇಳಿಕೆ ದಾಟುತ್ತಿದ್ದಂತೆ, ಓದದೆ ಹಾಕಿದ ಗುರುತುಗಳೆಲ್ಲ ಒಂದೇ ಸಾಲಿನಲ್ಲಿ ನೆಟ್ಟಗೆ ಇಳಿದಿದ್ದವು. 46 ಹೇಳಿಕೆಗಳ ಚಿಕ್ಕ ರೂಪವಿದ್ದರೂ ಹಟಕ್ಕೆ ಬಿದ್ದು ಮುಟ್ಟಿರಲಿಲ್ಲ. ಆರು ತಿಂಗಳು, ಅನುದಾನದ ಮೂರನೆಯ ಒಂದು ಪಾಲು ನೀರುಪಾಲು.

ಸಂದರ್ಶನಗಳು ಇನ್ನೂ ದಂಡ. ನಡುವೆ ಮೇಜು, ಮೇಲೆ ಧ್ವನಿಮುದ್ರಕ. ಸರಾಸರಿ ಹನ್ನೆರಡು ನಿಮಿಷ. "ಅಳು ಬಂದದ್ದುಂಟೇ?" ಎಂದರೆ "ಎಲ್ಲರಿಗೂ ಬರುತ್ತದಲ್ಲ ಸರ್" ಎಂದು ಮುಗಿಸಿಬಿಡುತ್ತಿದ್ದರು.

ಒಮ್ಮೆ ಹೀಗೆ ಮುಗಿಸಿ ಹೊರಟವರ ಬೈಕು ಚಾಲೂ ಆಗಲಿಲ್ಲ. ನಾನು ಟಾರ್ಚ್ ಹಿಡಿದೆ, ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಕೆರೆಯತೊಡಗಿದರು. ತಲೆ ಎತ್ತದೆಯೇ ಹೇಳಿದರು: ಕೆಲಸ ಹೋದ ಮೇಲೆ ಮೂರು ವಾರ ದಿನಾ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಮನೆಯಿಂದ ಹೊರಬೀಳುತ್ತಿದ್ದರಂತೆ, ಹೆಂಡತಿಗೆ ತಿಳಿಯಬಾರದೆಂದು. ಒಳಗೆ ಮೇಜಿನ ಮುಂದೆ ಇದೇ ಮನುಷ್ಯ "ತೊಂದರೆ ಏನೂ ಇಲ್ಲ" ಎಂದಿದ್ದರು.

ಮೇಜು ತೆಗೆಸಿದೆ. ಪಕ್ಕದಲ್ಲಿ ಕುಳಿತು ರಿಪೇರಿ ಮಾಡುತ್ತಲೇ ಮಾತಾಡಿಸಲು ಕೆಟ್ಟ ರೇಡಿಯೋ, ಸೈಕಲ್ ಚೈನು, ಫ್ಯಾನು ತಂದು ಗುಡ್ಡೆ ಹಾಕಿದೆ. ಸಂಶೋಧನೆಗೆ ಸೈಕಲ್ ಚೈನೇಕೆ ಎಂದು ಲೆಕ್ಕಪತ್ರ ವಿಭಾಗ ಬಿಲ್ಲು ವಾಪಸು ಕಳಿಸಿತು. ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಸುತ್ತಿಗೆಯ ಸದ್ದಿನಲ್ಲಿ ಮಾತು ಹೆಕ್ಕಿ ಬರೆದುಕೊಟ್ಟವರು ದುಪ್ಪಟ್ಟು ಕೇಳಿದರು. ಆದರೆ ಹನ್ನೆರಡು ನಿಮಿಷದ ಸಂದರ್ಶನ ಐವತ್ತು ನಿಮಿಷದ ಹತ್ತಿರ ಬಂತು. ನಕ್ಕಿದ್ದ ಇಬ್ಬರು ಸಹೋದ್ಯೋಗಿಗಳು ಈಗ ಪಾನಾ ಎರವಲು ಕೇಳುತ್ತಾರೆ. ಪಾನಾ ಕೊಡುತ್ತೇನೆ, ಅದನ್ನು ಸಂದರ್ಶನಕ್ಕೆ ಬಂದವರ ಕೈಗಿಡುವಾಗ ನಾನಾಡುವ ಮೊದಲ ಮಾತನ್ನು ಮಾತ್ರ ಪ್ರಬಂಧ ಅಚ್ಚಾಗುವವರೆಗೆ ಯಾರಿಗೂ ಹೇಳುವುದಿಲ್ಲ.

ನಡುವೆ ಇನ್ನೊಂದು ಆಟ ಹೂಡಿದೆ. ಹತ್ತು ಹೇಳಿಕೆ, ಎರಡು ಕಾಲಂ: ನಿಮ್ಮ ಉತ್ತರ, ನಿಮ್ಮ ಗೆಳೆಯರ ಉತ್ತರ. ಮೂವತ್ತರಲ್ಲಿ ಇಪ್ಪತ್ತೈದು ಮಂದಿ ಗೆಳೆಯರೇ ತಮಗಿಂತ ಗಟ್ಟಿ ಗಂಡಸರೆಂದು ಬರೆದರು. ಆ ಗೆಳೆಯರಲ್ಲಿ ನಾಲ್ವರು ನನ್ನ ಪಟ್ಟಿಯಲ್ಲೇ ಇದ್ದರು, ಅವರೂ ಅದನ್ನೇ ಬರೆದಿದ್ದರು! ಗಂಡಸುತನ ಸದಾ ಸಾಬೀತುಪಡಿಸಬೇಕಾದ, ಕೈಜಾರಬಹುದಾದ ಸ್ಥಾನವೆಂದು 2008ರಲ್ಲಿ ಮನೋವಿಜ್ಞಾನಿಗಳಾದ ವ್ಯಾಂಡೆಲ್ಲೊ, ಬಾಸನ್ ತಂಡ ಹೇಳಿದ್ದು ಆಗ ನನಗೆ ನಾಟಿತು. ಹುಡುಗರ ಬಳಿ ಮಾತ್ರ ರೇಡಿಯೋ ಕೊಟ್ಟು ಮಾತಾಡಿಸುವ ಉಪಾಯ ಫಲಿಸಲಿಲ್ಲ, ಅವರು ಅದನ್ನು ಬಿಚ್ಚುವುದರಲ್ಲೇ ಮುಳುಗಿಹೋದರು.

ಒಂದು ಎಚ್ಚರಿಕೆ. ಕೈಗೆ ಕೆಲಸ ಸಿಕ್ಕಿದರೆ ಧ್ವನಿಮುದ್ರಕ ಮರೆತೇಹೋಗುತ್ತದೆ. ಆದ್ದರಿಂದ ಕೈ ತೊಳೆದ ಮೇಲೆ ಒಪ್ಪಿಗೆಯನ್ನು ಮತ್ತೊಮ್ಮೆ ಕೇಳುತ್ತೇನೆ. ಇಬ್ಬರು ಅಳಿಸಿಬಿಡಿ ಎಂದರು. ಅದರಲ್ಲೊಂದು ನನಗೆ ಸಿಕ್ಕ ಅತ್ಯುತ್ತಮ ಸಂದರ್ಶನ. ಅವರ ಎದುರೇ ಅಳಿಸಿದೆ.