ಲ್ಯಾಬ್ ಅಸಿಸ್ಟೆಂಟ್ ಆಗಬೇಕೆ? ಮೊದಲು ಮುಚ್ಚಳದ ಬಣ್ಣ ಕಲಿಯಿರಿ

ಮುಂಬಯಿ ಕಡೆಯ ಮುಲುಂಡ್, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಹನ್ನೆರಡನೇ ತರಗತಿ ಸೈನ್ಸ್ ಮುಗಿಸಿದವರ ಮುಂದೆ ಡಿಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ) ಮಾತು ಬಂದೇ ಬರುತ್ತದೆ. ಫೀಸು ಕಟ್ಟುವ ಮೊದಲು ಮೂರು ವಿಷಯ ಕೇಳಿ: ಸರ್ಟಿಫಿಕೇಟ್ ಕೊಡುವವರು ಯಾರು? ಮಹಾರಾಷ್ಟ್ರ ಪ್ಯಾರಾಮೆಡಿಕಲ್ ಕೌನ್ಸಿಲ್‌ನಲ್ಲಿ ಅದಕ್ಕೆ ನೋಂದಣಿ ಸಿಗುತ್ತದೆಯೆ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ? ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಬೋರ್ಡು ಈ ಮೂರಕ್ಕೂ ಉತ್ತರವಲ್ಲ.

ಸೇರಿದ ವಾರವೇ ಹೆಪಟೈಟಿಸ್-ಬಿ ಲಸಿಕೆ ಶುರುಮಾಡಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಕೆಲಸ ಸಿಕ್ಕ ಮೇಲೆ ನೋಡೋಣವೆಂದರೆ ಅರ್ಧ ವರ್ಷ ರಕ್ಷಣೆಯಿಲ್ಲದೆ ಸೂಜಿ ಹಿಡಿಯಬೇಕಾಗುತ್ತದೆ.

ಹೊಸಬರಿಗೆ ಸಿಗುವುದು ಮಷಿನ್ ಅಲ್ಲ, ಸ್ಯಾಂಪಲ್. ರಿಪೋರ್ಟ್ ಕೆಡುವುದೂ ಹೆಚ್ಚಾಗಿ ಅಲ್ಲೇ. ತೋಳಿಗೆ ಕಟ್ಟುವ ಪಟ್ಟಿ, ಅಂದರೆ ಟೂರ್ನಿಕೆಟ್, ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ‘ಮೂಠ್ ಬಂದ್ ಕರಾ’ (ಮುಷ್ಟಿ ಮುಚ್ಚಿ) ಎಂದು ಹೇಳಿದರೆ ಸಾಕು. ಮುಷ್ಟಿಯನ್ನು ಬಿಗಿದು ಬಿಡಿಸಿ ಮಾಡಿಸಿದರೆ ಪೊಟ್ಯಾಸಿಯಂ ಏರುತ್ತದೆ. ಟ್ಯೂಬು ತುಂಬುವ ಕ್ರಮ ಮುಚ್ಚಳದ ಬಣ್ಣದ ಪ್ರಕಾರ ಬಾಯಿಪಾಠ ಇರಲಿ: ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ) ಬಾಟಲಿ, ಆಮೇಲೆ ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ತಿಳಿನೀಲಿಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು. ಗುರುತಿನ ಗೆರೆ ಮುಟ್ಟದಿದ್ದರೆ ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಸುಳ್ಳೇ ಉದ್ದವಾಗುತ್ತದೆ. ನೇರಳೆಯನ್ನು ಎಂಟರಿಂದ ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಿ. ಕುಲುಕಿದರೆ ಕೆಂಪು ಕಣ ಒಡೆಯುತ್ತವೆ.

ಹಳದಿ ಟ್ಯೂಬಿಗೆ ರಕ್ತ ಕಡಿಮೆ ಬಿತ್ತೆಂದು ನೇರಳೆಯಿಂದ ಒಂದಿಷ್ಟು ಸುರಿಯುವುದಂತೂ ಮಹಾ ತಪ್ಪು. ನೇರಳೆಯಲ್ಲಿರುವುದು ಪೊಟ್ಯಾಸಿಯಂ ಇಡಿಟಿಎ, ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ಸುರಿದ ಕೂಡಲೆ ಪೊಟ್ಯಾಸಿಯಂ ಮೇಲಕ್ಕೆ, ಕ್ಯಾಲ್ಸಿಯಂ ಕೆಳಕ್ಕೆ. ಮಷಿನ್ ಅದನ್ನು ಪ್ರಾಮಾಣಿಕವಾಗಿ ಅಳೆಯುತ್ತದೆ. ಆರೋಗ್ಯವಾಗಿದ್ದವರು ಐಸಿಯುಗೆ ಓಡುತ್ತಾರೆ.

ಲೇಬಲ್ ಹಚ್ಚುವುದು ರಕ್ತ ತೆಗೆದ ಮೇಲೆ, ರೋಗಿಯ ಎದುರಲ್ಲೇ. ಹೋಮ್ ಕಲೆಕ್ಷನ್‌ಗೆ ಹೋದ ಮನೆಯಲ್ಲಿ ಅತ್ತೆಯೂ ಎಸ್. ಶೆಟ್ಟಿ, ಸೊಸೆಯೂ ಎಸ್. ಶೆಟ್ಟಿ ಇರಬಹುದು. ಪೂರ್ತಿ ಹೆಸರಿನ ಜೊತೆ ಹುಟ್ಟಿದ ದಿನಾಂಕವನ್ನೂ ಅವರ ಬಾಯಿಂದಲೇ ಹೇಳಿಸಿ.

ಬೆಳಗಿನ ಲೋಕಲ್‌ನಲ್ಲಿ ಚೀಲ ಮಡಿಲಲ್ಲಿರಲಿ, ಟ್ಯೂಬು ನೆಟ್ಟಗಿರಲಿ, ಐಸ್‌ಪ್ಯಾಕ್ ಟ್ಯೂಬಿಗೆ ತಾಗದಿರಲಿ. ತಂಪು ಹೆಚ್ಚಾದರೂ ಕಣಗಳಿಂದ ಪೊಟ್ಯಾಸಿಯಂ ಸೋರುತ್ತದೆ. ಶುಗರ್‌ಗೆ ಬೂದು ಟ್ಯೂಬೇ ಬೇಕು. ಬೇರೆಯದರಲ್ಲಿ ಇಟ್ಟರೆ ದಾರಿಯುದ್ದಕ್ಕೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಿರುತ್ತವೆ. ಲ್ಯಾಬಿಗೆ ಬಂದ ಹಳದಿ ಟ್ಯೂಬು ಹೆಪ್ಪುಗಟ್ಟಲು ಅರ್ಧ ಗಂಟೆ ಬೇಕು. ಆಮೇಲಷ್ಟೇ ಸೆಂಟ್ರಿಫ್ಯೂಜ್ (ಟ್ಯೂಬು ಗಿರಗಿರ ತಿರುಗಿಸುವ ಯಂತ್ರ), ಎದುರುಬದುರು ಸಮತೂಕ ಹಾಕಿ. ಅವಸರ ಮಾಡಿದರೆ ಸೀರಮ್‌ನಲ್ಲಿ (ಬೇರ್ಪಟ್ಟ ತಿಳಿ ದ್ರವದಲ್ಲಿ) ಹೆಪ್ಪಿನ ಫೈಬ್ರಿನ್ ಎಳೆ ನಿಂತು ಮಷಿನ್‌ನ ಪ್ರೋಬ್, ಅಂದರೆ ಹೀರುವ ನಳಿಕೆ, ಕಟ್ಟಿಕೊಳ್ಳುತ್ತದೆ.

ಇಂಟರ್‌ವ್ಯೂನಲ್ಲಿ ಕಸದ ಡಬ್ಬಗಳ ಬಣ್ಣದ ಬಗ್ಗೆ ಕೇಳಿಯಾರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ ಹಳದಿಗೆ, ಗ್ಲೌಸ್ ಕೆಂಪಿಗೆ, ಸೂಜಿ ಚುಚ್ಚಿ ಹೊರಬರದಂಥ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡಿ. ಚುಚ್ಚಿಕೊಂಡರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು ಆಗಲೇ ಸೂಪರ್‌ವೈಸರ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.