ಹುಬ್ಬಳ್ಳಿ-ಧಾರವಾಡದಲ್ಲಿ ಒಂದೂವರೆ ದಿನ: ಯಾವ ಹೊತ್ತಿಗೆ ಏನು ತಿನ್ನಬೇಕು

ಗದಗ, ಹಾವೇರಿ, ಬೆಳಗಾವಿ, ಶಿರಸಿ ಕಡೆಯವರು ಹುಬ್ಬಳ್ಳಿಗೆ ಬರುವುದು ಹೆಚ್ಚಾಗಿ ದವಾಖಾನೆಗೆ, ಇಲ್ಲವೇ ಮದುವೆ ಜವಳಿಗೆ. ಊಟ ನಡುವೆ ಸಿಕ್ಕಲ್ಲಿ ಮುಗಿಯುತ್ತದೆ. ಬರೀ ತಿನ್ನುವುದಕ್ಕೆಂದೇ ಬರುವುದಾದರೆ ಲೆಕ್ಕವೇ ಬೇರೆ. ಅಂಗಡಿಗಳ ಹೆಸರು ಬರೆದುಕೊಂಡು ಹೊರಟವರಿಗೆ ಅರ್ಧ ಕಡೆ ಬಾಗಿಲು ಹಾಕಿರುತ್ತದೆ, ಉಳಿದರ್ಧಕ್ಕೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಅದಕ್ಕೇ ನಾನು ಹೆಸರಿಗಿಂತ ಮೊದಲು ಗಡಿಯಾರ ನೋಡುತ್ತೇನೆ. ಸಂಜೆ ಹುಬ್ಬಳ್ಳಿ, ಮಧ್ಯಾಹ್ನ ಧಾರವಾಡ. ಇದನ್ನು ತಿರುವುಮುರುವು ಮಾಡಿದರೆ ಎರಡೂ ಊರು ಸಪ್ಪೆ ಅನ್ನಿಸುತ್ತವೆ.

ಶನಿವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಇಳಿಯುವ ಹಾಗೆ ಹೊರಡಬೇಕು. ಆ ದಿನ ಮನೆಯಲ್ಲಿ ಮಧ್ಯಾಹ್ನ ಅನ್ನ-ಮಜ್ಜಿಗೆ ಉಂಡರೆ ಸಾಕು. ರೈಲಿಗೆ ಬರುವವರು ಒಂದು ನೆನಪಿಡಿ: ಸಿದ್ಧಾರೂಢ ಸ್ವಾಮಿಗಳ ಹೆಸರಿನ ಈ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು ಹೆಸರಾದದ್ದು. ತುದಿಯ ಬೋಗಿಯಲ್ಲಿ ಕುಳಿತರೆ ಹಸಿವು ಅಲ್ಲೇ ಶುರುವಾಗುತ್ತದೆ. ರೂಮನ್ನು ರೈಲು ನಿಲ್ದಾಣ ಅಥವಾ ಸಿಬಿಟಿ (ನಗರ ಬಸ್ ನಿಲ್ದಾಣ) ಹತ್ತಿರವೇ ಹಿಡಿಯಿರಿ. ಸಂಜೆ ತಿರುಗಾಟಕ್ಕೆ ಗಾಡಿ ಬೇಡ, ಮರುದಿನ ಧಾರವಾಡದ ಚಿಗರಿ ಬಸ್ಸೂ ಅಲ್ಲಿಂದಲೇ ಸಿಗುತ್ತದೆ. ಸ್ವಂತ ಕಾರಿದ್ದರೆ ರೂಮಿನ ಹತ್ತಿರ ನಿಲ್ಲಿಸಿ ಮರೆತುಬಿಡಿ. ತಿಂಡಿ ಗಾಡಿಗಳು ನಿಲ್ಲುವ ದುರ್ಗದಬೈಲಿನಲ್ಲಿ ಸಂಜೆ ಪಾರ್ಕಿಂಗ್ ಹುಡುಕುವ ಹೊತ್ತಿನಲ್ಲಿ ಎರಡು ಪ್ಲೇಟು ತಿಂದು ಮುಗಿಸಬಹುದು.

ಆರರಿಂದ ಎಂಟು ದುರ್ಗದಬೈಲಿನ ಹೊತ್ತು. ಅಲ್ಲಿ ಪಾವ್‌ಭಾಜಿ, ದಹಿಪುರಿ ಎಲ್ಲವೂ ಇದೆ, ಆದರೆ ಅವು ಯಾವ ಊರಲ್ಲೂ ಸಿಗುತ್ತವೆ. ಹುಬ್ಬಳ್ಳಿಯಲ್ಲಿ ನನ್ನ ಮೊದಲ ಪ್ಲೇಟು ಯಾವಾಗಲೂ ಗಿರ್ಮಿಟ್, ಅಂದರೆ ಗೊಜ್ಜು ಹಾಕಿ ಕಲಸಿದ ಚುರುಮುರಿ. ಚುರುಮುರಿ (ಮಂಡಕ್ಕಿ) ಎಲ್ಲ ಕಡೆಯೂ ಒಂದೇ, ಅಂಗಡಿಯಿಂದ ಅಂಗಡಿಗೆ ಫರಕು ಬೀಳುವುದು ಗೊಜ್ಜಿನಲ್ಲಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ, ಉಳ್ಳಾಗಡ್ಡಿ ಮೆತ್ತಗಾಗುವವರೆಗೆ ಹುರಿದು, ಅರಿಶಿಣ, ಟೊಮ್ಯಾಟೊ, ಹುಣಸೆ ರಸ, ಬೆಲ್ಲ, ಉಪ್ಪು ಸೇರಿಸಿ ಗಟ್ಟಿಯಾಗಿ ಕುದಿಸಿದ್ದು. ಇದರಲ್ಲಿ ನೀರು ಹೆಚ್ಚಿದ್ದರೆ ಚುರುಮುರಿ ಅಲ್ಲೇ ಕುಸಿಯುತ್ತದೆ. ಪುಠಾಣಿ (ಹುರಿಗಡಲೆ) ಹಿಟ್ಟು ಹಾಕುವುದು ರುಚಿಗೆ ಮಾತ್ರ ಅಲ್ಲ, ಹೆಚ್ಚಿನ ಹಸಿ ಹೀರಿಕೊಂಡು ಗೊಜ್ಜನ್ನು ಕಾಳಿಗೆ ಅಂಟಿಸುವುದಕ್ಕೆ. ಮನೆಯಲ್ಲಿ ಮಾಡುವಾಗ 100 ಗ್ರಾಂ ಚುರುಮುರಿಗೆ ಐದಾರು ದೊಡ್ಡ ಚಮಚ ಗೊಜ್ಜು, ಎರಡು ಚಮಚ ಪುಠಾಣಿ ಹಿಟ್ಟು ನನ್ನ ಅಳತೆ.

ಗಾಡಿಯ ಮುಂದೆ ನಿಂತಾಗ ನೋಡಬೇಕಾದದ್ದು ಒಂದೇ: ಕಲಸುವುದು ನೀವು ಹೇಳಿದ ಮೇಲೋ, ಮೊದಲೇ ಕಲಸಿ ಬೋಗುಣಿಯಲ್ಲಿ ಇಟ್ಟಿದ್ದಾರೋ. ಮೊದಲೇ ಕಲಸಿದ್ದಾದರೆ ಮುಂದಿನ ಗಾಡಿಗೆ ಹೋಗಿ. ಕಲಸಿ ಐದು ನಿಮಿಷ ಕಳೆದರೆ ಅದು ಉಪ್ಪಿಟ್ಟಿನ ಹದಕ್ಕೆ ಬರುತ್ತದೆ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಶೇವು ಕಡೆಗೆ ಬೀಳಬೇಕು. ‘ಅಣ್ಣಾರ, ಖಾರ ಕಮ್ಮಿ, ಶೇವು ಮ್ಯಾಲ ಹಾಕ್ರಿ’ ಅಂದರೆ ಸಾಕು, ಯಾರೂ ಬೇಸರಪಡುವುದಿಲ್ಲ. ಫೋಟೋ ಆಮೇಲೆ, ಮೊದಲು ತಿನ್ನಿ. ಪಾರ್ಸಲ್ ಅಂತೂ ಬೇಡವೇ ಬೇಡ. ಒಯ್ಯಲೇಬೇಕು ಎಂದರೆ ಗೊಜ್ಜು ಬೇರೆ, ಚುರುಮುರಿ ಬೇರೆ ಕಟ್ಟಿಸಿಕೊಳ್ಳಿ.

ಜೊತೆಗೆ ಮಿರ್ಚಿ. ಕಡಲೆ ಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಹಸಿಮೆಣಸಿನಕಾಯಿ, ಹಿಟ್ಟಿನಲ್ಲಿ ಅಜವಾನ. ಹಲವು ಕಡೆ ಅರ್ಧ ಕರಿದು ಗುಡ್ಡೆ ಹಾಕಿಕೊಂಡು ಗಿರಾಕಿ ಬಂದಾಗ ಮತ್ತೊಮ್ಮೆ ಕರಿಯುತ್ತಾರೆ. ಗದ್ದಲ ಇರುವ ಅಂಗಡಿಯಲ್ಲಿ ಅದರಿಂದ ಸಿಪ್ಪೆ ಗರಿಗರಿಯಾಗುತ್ತದೆ. ಗಿರಾಕಿ ಇಲ್ಲದ ಕಡೆ ಗುಡ್ಡೆ ತಣ್ಣಗಾಗಿ ಎಣ್ಣೆ ಹೀರಿರುತ್ತದೆ, ಎರಡನೇ ಸಲ ಕರಿದರೆ ಕಪ್ಪಾಗುತ್ತದೆ. ಇಬ್ಬರಿಗೆ ಒಂದು ಪ್ಲೇಟು ಗಿರ್ಮಿಟ್, ಎರಡು ಮಿರ್ಚಿ, ಬೈ ಟೂ ಚಹಾ. ಇಷ್ಟಕ್ಕೆ ನಿಲ್ಲಿಸಬೇಕು, ರಾತ್ರಿ ಊಟ ಇನ್ನೂ ಬಾಕಿ ಇದೆ.

ಮಾಂಸ ತಿನ್ನುವವರಿಗೆ ರಾತ್ರಿ ಒಂಬತ್ತಕ್ಕೆ ಸಾವಜಿ ಖಾನಾವಳಿ. ಇದು ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡುಗೆ. ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆ ಮನೆಯ ಅಡುಗೆಯೇ ಖಾನಾವಳಿಗೆ ಬಂದದ್ದು. ರಸದ ಮೇಲೆ ಕೆಂಪು ಎಣ್ಣೆ ತೇಲುತ್ತಿರುತ್ತದೆ, ನೋಡಿ ಹೆದರಬೇಡಿ, ಬಣ್ಣಕ್ಕೂ ಖಾರಕ್ಕೂ ಸಂಬಂಧ ಕಡಿಮೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆಯೇ ಹೊರತು ದೊಡ್ಡ ಖಾರ ಅಲ್ಲ. ಉರಿ ಹತ್ತುವುದು ಮಸಾಲೆಯಿಂದ, ಅದೂ ಎರಡನೇ ತುತ್ತಿಗೆ. ಮೊದಲು ರಸವನ್ನು ಒಂದು ಚಮಚ ಅನ್ನಕ್ಕೆ ಹಾಕಿ ರುಚಿ ನೋಡಿ, ಆಮೇಲೆ ಖೀಮಾ ಉಂಡಿಯೋ ಒಣ ಮಟನ್ನೋ ಹೇಳಿ. ಎಲ್ಲವನ್ನೂ ಒಟ್ಟಿಗೆ ಹೇಳಿದರೆ ತಟ್ಟೆಯಲ್ಲಿ ಅರ್ಧ ಉಳಿಯುತ್ತದೆ. ಶನಿವಾರ ಮಾಂಸ ಮುಟ್ಟದವರು ಇದನ್ನು ರವಿವಾರ ರಾತ್ರಿಗೆ ಇಟ್ಟುಕೊಂಡು, ಶನಿವಾರ ತಾಲಿಪಟ್ಟಿಗೋ ಪಡ್ಡಿಗೋ ಮುಗಿಸಬಹುದು.

ರವಿವಾರ ಬೆಳಿಗ್ಗೆ ನಾಷ್ಟಾ ಅರ್ಧ ಹೊಟ್ಟೆ. ಶಿರಾ-ಉಪ್ಪಿಟ್ಟು ಇಬ್ಬರಿಗೆ ಒಂದೊಂದು ಪ್ಲೇಟು ತಂದು ಹಂಚಿಕೊಂಡರೆ ಸಿಹಿಯೂ ಆಯಿತು, ಖಾರವೂ ಆಯಿತು. ಇಲ್ಲಿ ಹೊಟ್ಟೆ ತುಂಬ ದೋಸೆ ತಿಂದವರು ಮಧ್ಯಾಹ್ನ ಖಾನಾವಳಿಯಲ್ಲಿ ಒಂದೇ ರೊಟ್ಟಿಗೆ ಕೈ ತೊಳೆಯುವುದನ್ನು ನೋಡಬಹುದು. ಒಂಬತ್ತೂವರೆಗೆ ಚಿಗರಿ ಹತ್ತಿ. ಬಸ್ ನಿಲ್ದಾಣ ರಸ್ತೆಯ ನಡುವೆ ಇರುತ್ತದೆ, ಟಿಕೆಟ್ ಹತ್ತುವ ಮೊದಲೇ ತೆಗೆಯಬೇಕು. ಧಾರವಾಡ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಜುಬಿಲಿ ಸರ್ಕಲ್‌ನಲ್ಲಿ ಇಳಿದು ಲೈನ್ ಬಜಾರಿಗೆ ಆಟೋ ಹಿಡಿಯಿರಿ.

ಪೇಡೆ ಊಟಕ್ಕೆ ಮೊದಲು ತೆಗೆದುಕೊಳ್ಳುವುದು ನನ್ನ ಪದ್ಧತಿ, ಕಾರಣ ಸರಳ: ಲೈನ್ ಬಜಾರಿನ ಠಾಕೂರ್ ಅಂಗಡಿ ದಿನವಿಡೀ ತೆರೆದಿರುವುದಿಲ್ಲ, ಮಾಲು ಮುಗಿದರೆ ಮುಗಿಯಿತು. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಮನೆತನ ಅದು. ಸಾಲು ಉದ್ದ ಇದ್ದರೆ ಒಬ್ಬರು ನಿಲ್ಲಲಿ, ಇನ್ನೊಬ್ಬರು ಮಿಶ್ರಾ ಪೇಡೆ ಅಂಗಡಿಗೆ ಹೋಗಿ ಕಾಲು ಕಿಲೋ ತರಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದು ನೋಡುವುದೇ ಒಂದು ಕೆಲಸ. ಒಳ್ಳೆಯ ಧಾರವಾಡ ಪೇಡೆಯನ್ನು ಮುರಿದರೆ ಒಳಗೆ ಒಂದೇ ಸಮ ಕಂದು ಬಣ್ಣ, ಹರಳು ಹರಳಾಗಿ ಉದುರುತ್ತದೆ, ಮೇಲೆ ಸಕ್ಕರೆ ಪುಡಿ ಹೊರಳಾಡಿಸಿರುತ್ತದೆ. ಆ ಬಣ್ಣ ಖವಾವನ್ನು ಸಕ್ಕರೆ ಹಾಕಿ ಗಂಟೆಗಟ್ಟಲೆ ಹುರಿದು ಬಂದದ್ದು. ಹುರಿದದ್ದು ಸಾಲದಿದ್ದರೆ ಒಳಗೆ ಮೆತ್ತಗೆ, ಬಾಯಿಗೆ ಅಂಟುತ್ತದೆ, ಬೇಗ ಹುಳಿ ವಾಸನೆಯೂ ಹೊಡೆಯುತ್ತದೆ. ಚೆನ್ನಾಗಿ ಹುರಿದದ್ದು ಫ್ರಿಜ್ ಇಲ್ಲದೆ ವಾರ ತಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮೇಲಿನ ಸಕ್ಕರೆ ನೀರೊಡೆದು ಅಂಟಂಟಾಗುತ್ತದೆ, ಇಡಬೇಡಿ. ಪೆಟ್ಟಿಗೆ ಕಟ್ಟಿಸಿದ ಮೇಲೆ ಬಿಸಿಲಿನ ಕಿಟಕಿ ಹತ್ತಿರವೂ ಬೇಡ.

ಹನ್ನೆರಡೂವರೆಗೆ ಖಾನಾವಳಿ. ಬಸಪ್ಪ ಖಾನಾವಳಿಯಂಥ ಹೆಸರಾದ ಕಡೆ ಒಂದು ಗಂಟೆಗೆ ಗದ್ದಲ ಏರುತ್ತದೆ. ಆಗ ರೊಟ್ಟಿ ಬಡಿಯುವವರ ಕೈ ಸಾಲದೆ, ಹಂಚಿನಿಂದ ಇಳಿದು ಸ್ವಲ್ಪ ಹೊತ್ತಾದ ರೊಟ್ಟಿ ತಟ್ಟೆಗೆ ಬರುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಕುದಿಯುವ ನೀರು ಹಾಕಿ ನಾದಿ ಬಡಿದದ್ದು ಬಿಸಿ ಇರುವಾಗ ಮೆತ್ತಗೆ, ಆರಿದರೆ ಚರ್ಮ. ಹಾಗಾಗಿ ಎರಡು ರೊಟ್ಟಿ ಒಟ್ಟಿಗೆ ಹಾಕಿಸಿಕೊಳ್ಳಬೇಡಿ. ‘ಒಂದೊಂದ ಹಾಕ್ರಿ ಅಕ್ಕಾರ, ಬಿಸೀದ ಬರ್ಲಿ’ ಎಂದು ಮೊದಲೇ ಹೇಳಿ. ಖಡಕ್ ರೊಟ್ಟಿ ಬೇರೆ ಲೆಕ್ಕ, ಅದನ್ನು ಒಣಗಿಸಿಯೇ ಮಾಡಿದ್ದು, ಮುರಿದು ಕಾಳು ಪಲ್ಯದ ರಸದಲ್ಲಿ ನೆನೆಸಿ ತಿನ್ನಿ.

ತಟ್ಟೆಯಲ್ಲಿ ಹತ್ತು ತರಹ ಇರುತ್ತದೆ. ಮೊದಲ ರೊಟ್ಟಿ ಎಣ್ಣೆಗಾಯಿಗೆ: ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ ತುಂಬಿದ ಸಣ್ಣ ಬದನೆಕಾಯಿ, ತೊಟ್ಟು ಹಿಡಿದು ಎತ್ತಿದರೆ ಇಡಿಯಾಗಿ ಬರಬೇಕು, ಬೆರಳಿಗೆ ಒತ್ತಿದರೆ ಕರಗಬೇಕು. ಎರಡನೆಯದು ಝುಣಕಾಕ್ಕೂ (ಕಡಲೆ ಹಿಟ್ಟಿನ ಪಲ್ಯ) ಕಾಳು ಪಲ್ಯಕ್ಕೂ. ಶೇಂಗಾ ಹಿಂಡಿ (ಚಟ್ನಿ ಪುಡಿ), ಗುರೆಳ್ಳು (ಹುಚ್ಚೆಳ್ಳು) ಹಿಂಡಿಗೆ ಕೆನೆ ಮೊಸರು ಕಲಸಿಕೊಳ್ಳಿ, ಒಣ ಪುಡಿ ಹಾಗೇ ತಿಂದರೆ ಗಂಟಲು ಹಿಡಿಯುತ್ತದೆ. ಕೆಂಪು ಚಟ್ನಿ ಕಡಲೆ ಕಾಳಿನಷ್ಟೇ. ನಡುನಡುವೆ ಹಸಿ ಉಳ್ಳಾಗಡ್ಡಿ, ಮೆಂತ್ಯದ ತಪ್ಪಲ. ಅವು ಅಲಂಕಾರಕ್ಕಲ್ಲ, ಎಣ್ಣೆ-ಬೆಲ್ಲದ ಜಡ ತೆಗೆಯುವುದಕ್ಕೆ. ಮೂರನೇ ರೊಟ್ಟಿ ಬೇಕೇ ಬೇಡವೇ ಅನ್ನುವುದನ್ನು ಅನ್ನ ಬರುವ ಮೊದಲೇ ನಿರ್ಧರಿಸಿ. ನಾನು ಅನ್ನ ಬಿಟ್ಟು ರೊಟ್ಟಿಯ ಕಡೆ, ಸಾರು ಎಲ್ಲೂ ಸಿಗುತ್ತದೆ. ಕಡೆಗೆ ಮಜ್ಜಿಗೆ. ಕೆಲವು ಖಾನಾವಳಿಗಳಿಗೆ ವಾರದ ರಜೆ ಇರುತ್ತದೆ, ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಊಟದ ಮೇಲೆ ಮೂರು ತಾಸು ಏನೂ ತಿನ್ನಬಾರದು. ಹೋಗಬೇಕಾದಲ್ಲಿ ಹೋಗಿ, ಅಥವಾ ಮರಳುವ ಚಿಗರಿಯಲ್ಲಿ ಉಣಕಲ್ಲಿನಲ್ಲಿ ಇಳಿದು ಕೆರೆಯ ದಂಡೆಯಲ್ಲಿ ನಡೆಯಿರಿ.

ತಿಂಗಳು ನೋಡಿ ಬಂದರೆ ಇನ್ನೂ ಲಾಭ. ಚಳಿಗಾಲದ ಕೊನೆಗೆ ಸೀತನಿ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ್ದು, ಸುತ್ತಲ ಹೊಲಗಳಲ್ಲಿ ಸಿಗುತ್ತದೆ. ಶೇಂಗಾ ಹಿಂಡಿ, ಬೆಲ್ಲದ ಜೊತೆ ಬಿಸಿ ಇರುವಾಗಲೇ ತಿನ್ನಬೇಕು. ಏಪ್ರಿಲ್ ಕೊನೆಯಿಂದ ಧಾರವಾಡದ ಆಪೂಸು. ತೊಟ್ಟಿನ ಹತ್ತಿರ ಮೂಸಿ ನೋಡಿ ಕೊಳ್ಳಿ, ವಾಸನೆ ಇಲ್ಲದೆ ಬರೀ ಹಳದಿ ಇದ್ದರೆ ಬಿಟ್ಟುಬಿಡಿ.

ಒಯ್ಯುವುದಕ್ಕೆ ಪೇಡೆಗಿಂತ ನನಗೆ ಖಡಕ್ ರೊಟ್ಟಿ, ಹಿಂಡಿಗಳೇ ಹೆಚ್ಚು. ರೊಟ್ಟಿಯನ್ನು ಅಡ್ಡ ಇಡಿ, ನಿಲ್ಲಿಸಿದರೆ ಅಂಚು ಮುರಿಯುತ್ತದೆ. ಇಪ್ಪತ್ತೈದರ ಕಟ್ಟಿಗೆ ಮೇಲೆ ಕೆಳಗೆ ರಟ್ಟು ಕೊಟ್ಟು ದಾರ ಕಟ್ಟಿಸಿ, ಬ್ಯಾಗಿನಲ್ಲಿ ಎಲ್ಲದರ ಮೇಲೆ ಇಡಿ. ಶೇಂಗಾ ಹಿಂಡಿ ಕಾಲು ಕಿಲೋಕ್ಕಿಂತ ಹೆಚ್ಚು ಬೇಡ, ತಿಂಗಳು ಕಳೆದರೆ ಎಣ್ಣೆ ಕಮಟು ಹಿಡಿಯುತ್ತದೆ. ಗುರೆಳ್ಳು, ಅಗಸಿ ಹಿಂಡಿಗೂ ಅದೇ ಮಾತು, ಗಾಜಿನ ಡಬ್ಬಿಗೆ ಹಾಕಿ ಒಣ ಚಮಚದಲ್ಲೇ ತೆಗೆಯಿರಿ.